ಲೀಡ್ ಹತ್ತುವಾಗ ಅರ್ಧ ದಾರಿಗೇ ಮುಂಗೈ ಪಂಪ್ ಆಗುತ್ತೆ, ಏನು ಮಾಡೋದು?

ಸವಿತಾ_ಜಯನಗರ

ಎಲ್ಲರಿಗೂ ನಮಸ್ಕಾರ. ವಾರದ ದಿನ ಸಂಜೆ ಕಂಠೀರವ ಸ್ಟೇಡಿಯಂ ಗೋಡೆ, ರಜೆ ಸಿಕ್ಕರೆ ರಾಮನಗರ, ಇಷ್ಟು ನನ್ನ ಕ್ಲೈಂಬಿಂಗ್. ರಾಮನಗರದ ಸ್ಲ್ಯಾಬ್‌ನಲ್ಲಿ (ಓರೆಯಾಗಿ ಮಲಗಿದ ಬಂಡೆ) ಕೈ ನೋವು ಅಂದ್ರೇನು ಅಂತಲೇ ಗೊತ್ತಿರಲಿಲ್ಲ. ಹೋದ ತಿಂಗಳು ಬಾದಾಮಿಗೆ ಹೋಗಿ 6ಎ (ಕಷ್ಟದ ಮಟ್ಟ ಹೇಳೋ ಗ್ರೇಡ್) ದಾರಿಯೊಂದನ್ನು ಮೊದಲು ಟಾಪ್ ರೋಪ್‌ನಲ್ಲಿ, ಅಂದ್ರೆ ಹಗ್ಗ ಮೇಲಿಂದಲೇ ಇಳಿಬಿಟ್ಟುಕೊಂಡು, ಹತ್ತಿದೆ, ಆರಾಮಾಗಿ ಆಯ್ತು. ಅದನ್ನೇ ಲೀಡ್ ಮಾಡಿದರೆ, ಅಂದ್ರೆ ಬಂಡೆಗೆ ಹೊಡೆದ ಬೋಲ್ಟ್‌ಗಳಿಗೆ ಕೆಳಗಿಂದ ಹಗ್ಗ ಸಿಕ್ಕಿಸುತ್ತಾ ಹತ್ತಿದರೆ, ಮೂರನೇ ಬೋಲ್ಟ್ ದಾಟುವಷ್ಟರಲ್ಲಿ ಮುಂಗೈ ಊದಿ ಬಿಗಿದುಕೊಂಡು, ದೊಡ್ಡ ಹೋಲ್ಡ್ ಹಿಡಿದಿದ್ದರೂ ಬೆರಳು ತಾನಾಗೇ ಬಿಚ್ಚಿಕೊಳ್ಳೋಕೆ ಶುರುವಾಯ್ತು. ಕೆಳಗಿಳಿದ ಮೇಲೆ ಬಾಟಲಿ ಮುಚ್ಚಳ ತಿರುಗಿಸೋಕೂ ಕೈಲಾಗಲಿಲ್ಲ, ಗೆಳತಿ ತೆಗೆದುಕೊಟ್ಟಳು.

ಹ್ಯಾಂಡ್ ಗ್ರಿಪ್ಪರ್ ತಗೊಂಡು ಆಫೀಸಿನಲ್ಲಿ ಒತ್ತುತ್ತಾ ಕೂತರೆ ಸರಿಹೋಗುತ್ತಾ? ಹ್ಯಾಂಗ್‌ಬೋರ್ಡ್ (ಬೆರಳಲ್ಲಿ ನೇತಾಡೋ ಹಲಗೆ) ಶುರು ಮಾಡಲಾ? ದಾರಿ ಮಧ್ಯದಲ್ಲಿ ಪಂಪ್ ಇಳಿಸೋ ಉಪಾಯ ಏನಾದ್ರೂ ಇದೆಯಾ?

ಕೆಂಪುಬಂಡಿ

ಅಕ್ಕಾರ, ಚಳಿಗಾಲ ಬಂತಂದ್ರ ಬಾದಾಮ್ಯಾಗ ಇದನ್ನ ವಾರಾ ವಾರಾ ನೋಡ್ತೀನಿ. ನಿಮಗ ಶಕ್ತಿ ಕಡಿಮಿ ಇಲ್ರಿ, ಹಿಡಿಯೂದು ಜಾಸ್ತಿ ಆಗೈತಿ. ಅದ ದಾರಿ ಟಾಪ್ ರೋಪ್‌ನಾಗ ಆರಾಮ ಹತ್ತೀನಿ ಅಂತ ನೀವ ಬರದೀರಿ. ಅಂದಮ್ಯಾಗ ಕೈ ಅದ, ಬಂಡಿ ಅದ. ಹಗ್ಗ ಮ್ಯಾಲಿದ್ದದ್ದು ಕೆಳಗ ಬಂತು, ಅಷ್ಟ. ಬೀಳ್ತೀನಿ ಅನ್ನೂ ಅಂಜಿಕಿಗೆ ಒಂದೊಂದು ಹೋಲ್ಡೂ ಹಿಚುಕಿ ಹಿಡೀತೀರಿ.

ರಾಮನಗರದ ಗ್ರಾನೈಟ್ ಸ್ಲ್ಯಾಬಿನಾಗ ಮೈಭಾರ ಪೂರಾ ಕಾಲಿನ ಮ್ಯಾಲ ಇರತೈತಿ, ಕೈ ಬರೇ ಸಮತೋಲಕ್ಕ. ನಮ್ಮ ಮರಳುಗಲ್ಲು ನೆಟ್ಟಗ ನಿಂತೈತಿ, ಕೆಲವು ಕಡೆ ಹೊರಗ ಬಾಗೈತಿ. ಅಡ್ಡಡ್ಡ ಸೀಳು ಬಿಟ್ಟಿರೂದ್ರಿಂದ ಹಿಡಿಯಾಕ ದೊಡ್ಡ ದೊಡ್ಡ ಅಂಚು ಸಿಗತಾವ. ಮೋಸ ಇರೂದ ಅಲ್ಲಿ. ಹೋಲ್ಡ್ ಚಲೋ ಐತಿ ಅಂತ ಅದನ್ನ ಹಿಡಕೊಂಡು ಮುಂದಿಂದು ಹುಡುಕ್ಕೋತ ನಿಂತುಬಿಡತೀರಿ, ಮೊಣಕೈ ಮಡಚಿಕೊಂಡು. ಹೋಲ್ಡ್ ಎಷ್ಟ ಚಲೋ ಇದ್ರೂ ಮುಂಗೈ ದಣಿಯೂದು ನಿಲ್ಲಂಗಿಲ್ಲ.

ಗೋಡಿ ಮ್ಯಾಲ ಇದನ್ನೊಂದು ಮಾಡಿ ನೋಡ್ರಿ. ಹಗುರಾದ ದಾರಿ, ಟಾಪ್ ರೋಪ್. ಪ್ರತಿ ಹೋಲ್ಡ್ ಹಿಡಿದಮ್ಯಾಗ ಬೆರಳು ನಿಧಾನಕ್ಕ ಸಡ್ಲ ಮಾಡಕೋತ ಹೋಗ್ರಿ, ಇನ್ನೇನು ಜಾರತೈತಿ ಅನ್ನೂ ಮಟ್ಟಕ. ಎಷ್ಟು ಕಡಿಮಿ ಸಾಕಾಗತೈತಿ ಅಂತ ಗೊತ್ತಾದ್ರ ನಿಮಗ ಆಶ್ಚರ್ಯ ಆಗತೈತಿ. ಲೀಡ್ ಮಾಡುಮುಂದ ಆ ಹಿಡಿತ ನೆನಪಿಡ್ರಿ, ಕೈ ನೆಟ್ಟಗ ಚಾಚಿ ಎಲುಬಿನ ಮ್ಯಾಲ ಜೋತುಬೀಳ್ರಿ, ಮುಂದಿನ ಹೆಜ್ಜಿ ಕಾಲಿಂದ ಹುಡುಕ್ರಿ.

ಇನ್ನ ಕ್ಲಿಪ್ ಮಾಡೂದು. ಭಾಳ ಮಂದಿ ಕ್ವಿಕ್‌ಡ್ರಾ (ಬೋಲ್ಟಿಗೆ ಹಾಕಿ ಹಗ್ಗ ಸಿಗಿಸೂ ಕೊಂಡಿ) ತಲಿ ಮ್ಯಾಲ ಇದ್ದಾಗ್ಲೇ ತುದಿಗಾಲಾಗ ನಿಂತು, ಹಗ್ಗ ಬಾಯಾಗ ಕಚ್ಚಿ ಎಳೀತಾರ. ಒಂದ ಕೈ ಮ್ಯಾಲ ಅಷ್ಟೊತ್ತು ಜೋತಾಡಿದ್ರ ಪಂಪ್ ಆಗದ ಏನಾಗತೈತಿ? ಮ್ಯಾಲಾಗಿ ಅಷ್ಟು ಹಗ್ಗ ಹೊರಗ ಎಳದಿರತೀರಿ, ಕ್ಲಿಪ್ ತಪ್ಪಿದ್ರ ಬೀಳೂದೂ ದೂರ. ಕೆಳಗಿನ ಬೋಲ್ಟ್‌ಗಳಾಗಂತೂ ನೆಲಕ್ಕ ಬಡೀಬಹುದು. ಇನ್ನೊಂದು ಹೆಜ್ಜಿಗೆ ಒಳ್ಳೆ ಹೋಲ್ಡ್ ಐತಿ ಅಂದ್ರ ಅದನ್ನ ಹಿಡದು, ಡ್ರಾ ಎದಿಗೋ ಸೊಂಟಕ್ಕೋ ಬಂದಾಗ ಹಾಕ್ರಿ.

ಕೈ ಝಾಡಿಸೂದು ಪಂಪ್ ಆದಮ್ಯಾಗ ಅಲ್ಲ, ಆಗೂಕಿಂತ ಮೊದಲ. ಕೆಳಗ ನಿಂತಾಗ ದಾರಿ ಓದ್ರಿ, ಚಾಕ್ (ಕೈಗೆ ಹಚ್ಚೂ ಬಿಳಿ ಪುಡಿ) ದಪ್ಪ ಮೆತ್ತಿದ ಅಂಚು ಎಲ್ಲೈತಿ ನೋಡ್ಕೊಳ್ರಿ, ಮಂದಿ ನಿಂತು ದಣಿವಾರಿಸಿಕೊಳ್ಳೂದು ಅಲ್ಲೇ. ಅಲ್ಲಿಗೆ ಹೋದಾಗ ದಣಿವು ಇರಲಿ ಬಿಡಲಿ, ನಿಂದರ್ರಿ. ಒಂದು ಕೈ ತಲಿ ಮ್ಯಾಲ ಎತ್ತಿ ಐದತ್ತು ಸೆಕೆಂಡ್, ಅದ ಕೈ ಕೆಳಗ ಬಿಟ್ಟು ಐದತ್ತು ಸೆಕೆಂಡ್ ಝಾಡಸ್ರಿ. ಆಮ್ಯಾಲ ಇನ್ನೊಂದು ಕೈ. ಉಸಿರು ಉದ್ದಕ ಬಿಡ್ರಿ.

ಮೈಸೂರು ಫಿಸಿಯೋ

ಕೆಂಪುಬಂಡಿ ಅವರು ಹೇಳಿದ ಕೈ ಎತ್ತೋ ಇಳಿಸೋ ಉಪಾಯಕ್ಕೆ ಅಮೆರಿಕದ ತರಬೇತುದಾರ ಎರಿಕ್ ಹರ್ಸ್ಟ್ ‘ಜಿ-ಟಾಕ್ಸ್’ ಅಂತ ಹೆಸರಿಟ್ಟಿದ್ದಾರೆ. ಬೆರಳು ಮಡಚುವ ಸ್ನಾಯುಗಳು ಇರೋದು ಮುಂಗೈಯಲ್ಲಿ. ಗರಿಷ್ಠ ಬಲದ ಅರ್ಧಕ್ಕಿಂತ ಹೆಚ್ಚು ಹಾಕಿ ಹಿಡಿದರೆ ಆ ಸ್ನಾಯುವೇ ತನ್ನೊಳಗಿನ ರಕ್ತನಾಳಗಳನ್ನು ಒತ್ತುತ್ತೆ, ನೀರು ಹರಿಯುವ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಆಮ್ಲಜನಕ ಒಳಗೆ ಬರಲ್ಲ, ತ್ಯಾಜ್ಯ ಹೊರಗೆ ಹೋಗಲ್ಲ. ಎಲ್ಲ ಪಾಪವನ್ನೂ ಲ್ಯಾಕ್ಟಿಕ್ ಆಮ್ಲದ ತಲೆಗೆ ಕಟ್ಟೋದು ಹಳೇ ಮಾತು, ಅದೊಂದೇ ಕಾರಣ ಅಲ್ಲ. ಕೈ ಎತ್ತಿದಾಗ ಅಶುದ್ಧ ರಕ್ತ ಹೃದಯದ ಕಡೆ ಸಲೀಸಾಗಿ ಇಳಿಯುತ್ತೆ. ಅದಕ್ಕೇ ಬರೀ ಕೆಳಗೆ ಝಾಡಿಸೋದಕ್ಕಿಂತ ಇದು ಮೇಲು.

ಸವಿತಾ ಅವರೇ, ವಾರ್ಮ್ ಅಪ್ ಬಗ್ಗೆ ನೀವು ಏನೂ ಬರೆದಿಲ್ಲ. ತಣ್ಣಗಿರೋ ಕೈಯಲ್ಲಿ ನೇರ ಕಷ್ಟದ ದಾರಿಗೆ ಹೋದರೆ ಒಮ್ಮೆಗೇ ಪಂಪ್ ಏರುತ್ತೆ, ಆ ದಿನವಿಡೀ ಸರಿಯಾಗಿ ಇಳಿಯಲ್ಲ. ಇಪ್ಪತ್ತು–ಮೂವತ್ತು ನಿಮಿಷ ಮೈ ಬೆಚ್ಚಗಾಗಿಸಿ, ಸುಲಭದ ಎರಡು ದಾರಿ ಹತ್ತಿ, ಆಮೇಲೆ ಕಷ್ಟದ ದಾರಿ ಮುಟ್ಟಿ. ಒಂದು ಕಷ್ಟದ ಪ್ರಯತ್ನ ಆದ ಮೇಲೆ ಕೂತುಬಿಡಬೇಡಿ, ನಿಧಾನಕ್ಕೆ ಓಡಾಡಿ.

ಬೆರಳ ಬುಡದಲ್ಲಿ ಚುಚ್ಚೋ ನೋವು, ಮೊಣಕೈ ಒಳಮೂಳೆ ಹತ್ತಿರ ಮುಟ್ಟಿದರೆ ನೋವು, ಬೆರಳು ಜೋಮು ಹಿಡಿಯೋದು, ಇವು ಪಂಪ್ ಅಲ್ಲ. ಹಾಗಿದ್ದರೆ ಹತ್ತೋದು ನಿಲ್ಲಿಸಿ ಯಾರಿಗಾದರೂ ತೋರಿಸಿ.

ಗೋಡೆಗಿರಾಕಿ

ಗ್ರಿಪ್ಪರ್‌ಗೆ ದುಡ್ಡು ಹಾಕ್ಬೇಡಿ ಮೇಡಂ. ಅದರಲ್ಲಿ ಬೆರಳು ಮಡಚಿ ಬಿಚ್ಚುತ್ತಿರ್ತೀರಿ, ಬಂಡೆ ಮೇಲೆ ಮಡಚಿದ ಬೆರಳು ಹಾಗೇ ನಿಲ್ಲಬೇಕು. ಹ್ಯಾಂಗ್‌ಬೋರ್ಡ್ ಮಾತ್ರ ನನ್ನ ಪ್ರಕಾರ ಬೇಕೇ ಬೇಕು. ಏಳು ಸೆಕೆಂಡ್ ನೇತಾಡೋದು, ಮೂರು ಸೆಕೆಂಡ್ ಬಿಡೋದು. ಗರಿಷ್ಠ ಬಲ ಜಾಸ್ತಿ ಆದ್ರೆ ಅದೇ ಹೋಲ್ಡ್ ಹಗುರ ಅನ್ನಿಸುತ್ತೆ, ಫಿಸಿಯೋ ಮೇಡಂ ಹೇಳಿದ ಅರ್ಧದ ಲೆಕ್ಕಾನೂ ಅದೇ ತಾನೇ?

ಕೆಂಪುಬಂಡಿ

ಲೆಕ್ಕ ಖರೇನ. ಆದ್ರ ಹ್ಯಾಂಗ್‌ಬೋರ್ಡ್ ಇವರಿಗೆ ಇನ್ನೂ ತಡ ಐತ್ರಿ. ಸ್ನಾಯು ಲಗೂನ ಗಟ್ಟಿ ಆಗತೈತಿ, ಬೆರಳಿನ ಟೆಂಡನ್ನು, ಕಟ್ಟು ಹಿಂದ ಉಳೀತಾವ, ಹರೀತಂದ್ರ ತಿಂಗಳಗಟ್ಟಲೆ ಮನ್ಯಾಗ. ಸದ್ಯಕ್ಕ ಗೋಡಿಗೆ ಅಡ್ಡ ಟ್ರಾವರ್ಸ್ ಮಾಡ್ಲಿ. ನೆಲಕ್ಕ ಕಾಲಿಡದ ಇಪ್ಪತ್ತು ನಿಮಿಷ, ಮಾತಾಡಕೋತ ಹೋಗುವಷ್ಟು ಹಗುರ. ಮುಂಗೈ ಬೆಚ್ಚಗ ಆಗಬೇಕು, ಉರೀಬಾರ್ದು. ವಾರಕ್ಕ ಎರಡು ಸಲ ಸಾಕು. ಬ್ಯಾಸರದ ಕೆಲಸ, ಅದಕ್ಕ ಯಾರೂ ಮಾಡಂಗಿಲ್ಲ.

ಸವಿತಾ_ಜಯನಗರ

ಥ್ಯಾಂಕ್ಸ್ ಎಲ್ಲರಿಗೂ. ನಿನ್ನೆ ಗೋಡೆ ಮೇಲೆ ಬೆರಳು ಸಡಿಲ ಮಾಡೋ ಪ್ರಯೋಗ ಮಾಡಿದೆ. ಜಗ್ (ಕೈತುಂಬ ಸಿಗೋ ದೊಡ್ಡ) ಹೋಲ್ಡ್‌ಗಳನ್ನು ಬರೀ ಕೊಕ್ಕೆ ಹಾಕಿದ ಹಾಗೆ ಹಿಡಿದರೂ ಸಾಕಾಗುತ್ತೆ! ಆದ್ರೆ ಕ್ಲಿಪ್ ಮಾಡೋ ಹೊತ್ತಿಗೆ ಉಸಿರು ಕಟ್ಟುತ್ತಿದ್ದೀನಿ ಅಂತ ಕೆಳಗೆ ಹಗ್ಗ ಹಿಡಿದು ಬಿಲೇ ಮಾಡುತ್ತಿದ್ದ ಗೆಳತಿ ಹೇಳಿದಳು. ಬೀಳೋ ಭಯಕ್ಕೆ ಏನಾದರೂ ಮದ್ದು ಇದೆಯಾ ಅಣ್ಣಾ? ಜನವರಿಯಲ್ಲಿ ಮತ್ತೆ ಬಾದಾಮಿಗೆ ಬರ್ತಿದ್ದೀವಿ.

ಕೆಂಪುಬಂಡಿ

ಬಿದ್ದ ಕಲೀಬೇಕ್ರಿ. ಗೋಡಿ ಮ್ಯಾಲ, ನಂಬಿಗಸ್ತ ಬಿಲೇಯರ್ ಇದ್ದಾಗ, ನೆಲದಿಂದ ಸಾಕಷ್ಟು ಮ್ಯಾಲ. ಮೊದ್ಲು ಡ್ರಾ ಎದಿ ಮಟ್ಟಕ್ಕಿದ್ದಾಗ ಹೇಳಿ ಬೀಳ್ರಿ, ಆಮ್ಯಾಲ ಸೊಂಟ, ಆಮ್ಯಾಲ ಮೊಣಕಾಲು. ಹಗ್ಗ ಕಾಲಿನ ಹಿಂದ ಬರದಂಗ ನೋಡ್ಕೊಳ್ರಿ.

ಜನವರ್ಯಾಗ ಬಂದ್ರ ನೆರಳಿನ ಬಂಡಿ ಆರಿಸಿಕೊಳ್ರಿ, ಬಿಸಲಾಗ ಕೈ ಬೆವತು ಮತ್ತ ಬಿಗಿ ಹಿಡಿಯಾಕ ಚಾಲೂ ಮಾಡತೀರಿ. ಮಳಿ ಆಗಿದ್ರ ಒಂದೆರಡು ದಿನ ಬಂಡಿ ಒಣಗಾಕ ಬಿಡ್ರಿ, ಹಸಿ ಮರಳುಗಲ್ಲಿನ ಹೋಲ್ಡ್ ಮುರೀತಾವ. ಮತ್ತ ಬಾಳಿಹಣ್ಣು ಬ್ಯಾಗಿನ ಮ್ಯಾಲ ಇಟ್ಟು ಹತ್ತಬ್ಯಾಡ್ರಿ. ಬಿಲೇಯರ್ ಎರಡೂ ಕೈಯಾಗ ಹಗ್ಗ ಹಿಡದಿರೂದು ಇಲ್ಲಿ ಮಂಗ್ಯಾಗೂಳಿಗೆ ಚಲೋ ಗೊತ್ತೈತಿ.