‘ಗ್ಯಾರೇಜ್ ಡೋರ್’ಗೆ ಬೋರ್ಡಿನಲ್ಲಿ ಏನು ಬರೆಸಲಿ? (ಸೋಮವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಕೋಡಿಬಾಗದಲ್ಲಿ ಸಣ್ಣದೊಂದು ಅಂಗಡಿ ತೆಗೆಯುತ್ತಿದ್ದಾನೆ. ಕಾರು ನಿಲ್ಲಿಸುವ ಶೆಡ್ಡಿಗೆ ಬಾಗಿಲು ಕೂರಿಸುವುದು, ಹಾಳಾದರೆ ಸರಿಮಾಡುವುದು ಅವನ ಕೆಲಸ. ಅಂಗಡಿಗಳ ಶಟರ್ ಕೂಡ ಮಾಡುತ್ತಾನೆ. ನಮ್ಮ ಉಪ್ಪುಗಾಳಿಗೆ ತಗಡು, ಸ್ಪ್ರಿಂಗ್ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಹಾಗಾಗಿ ರಿಪೇರಿಗೇನೂ ಕಡಿಮೆ ಇಲ್ಲ. ಸೋಮವಾರ ಪೇಂಟರ್ ಬರುತ್ತಾನೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಮೇಲೆ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ.

ಹುಡುಗ ‘ಗ್ಯಾರೇಜ್ ಡೋರ್ ರಿಪೇರಿ’ ಅಂತ ಕನ್ನಡ ಅಕ್ಷರದಲ್ಲಿ ಬರೆಸಿ ಮುಗಿಸುವವನಿದ್ದ. ನಾನೇ ತಡೆದೆ. ನಮ್ಮಲ್ಲಿ ಗ್ಯಾರೇಜ್ ಅಂದರೆ ಗಾಡಿ ರಿಪೇರಿಯ ಜಾಗ, ಗಾಡಿ ನಿಲ್ಲಿಸುವ ಜಾಗ ಅಲ್ಲ. ಆ ಬೋರ್ಡ್ ನೋಡಿದವರು ಕಾರಿನ ಡೋರ್ ನೆಗ್ಗಿದೆ ಅಂತ ಬರುತ್ತಾರೆ.

ಇನ್ನೊಂದು ತೊಡಕು. ಅವನ ಬಾಗಿಲು ಎರಡು ಬಗೆ. ಒಂದು, ಪಟ್ಟಿಗಳ ಶಟರ್. ಅದು ಮೇಲಿನ ಪೈಪಿಗೆ ಸುತ್ತಿಕೊಳ್ಳುತ್ತದೆ. ಇನ್ನೊಂದು, ಅಗಲ ಹಲಗೆಗಳನ್ನು ಬಿಜಾಗರಿ ಹಾಕಿ ಜೋಡಿಸಿದ್ದು. ಅದು ಸುತ್ತಿಕೊಳ್ಳುವುದಿಲ್ಲ. ಎರಡೂ ಬದಿಯ ಹಳಿಯಲ್ಲಿ ಮೇಲೇರಿ ಸ್ಲ್ಯಾಬಿನ ಅಡಿಗೆ ಮಲಗುತ್ತದೆ. ಅದರ ತೂಕ ಹೊರುವುದು ಸ್ಪ್ರಿಂಗ್. ಎರಡಕ್ಕೂ ಹೊಂದುವ ಒಂದು ಪದ ಹೇಳಿ. ‘ಇನ್‌ಸ್ಟಲೇಶನ್’ಗೂ ಒಂದು.

ಶಿರಸಿಯಿಂದ:

‘ಅಳವಡಿಕೆ’. ಇದಕ್ಕೆ ಚರ್ಚೆ ಬೇಡ. ‘ರಿಪೇರಿ’ ತೆಗೆಯಿರಿ, ‘ದುರಸ್ತಿ’ ಎಂಬ ಕನ್ನಡ ಪದ ಇದೆ.

ಮುಖ್ಯ ವಿಷಯ ಬೇರೆ. ಬಾಗಿಲು ಎಂದರೆ ಬಾಯ್ + ಇಲ್, ಮನೆಯ ಬಾಯಿ. ತಮಿಳಿನ ‘ವಾಯಿಲ್’ ನೋಡಿ. ಅಂದರೆ ಬಾಗಿಲು ತೆರವಿನ ಹೆಸರು, ಮುಚ್ಚುವ ವಸ್ತುವಿನದಲ್ಲ. ಮುಚ್ಚುವುದು ಕದ. ನಾವು ಬಾಗಿಲು ದಾಟುತ್ತೇವೆ, ಕದ ತಟ್ಟುತ್ತೇವೆ. ನಿಮ್ಮ ಹುಡುಗ ಮಾರುವುದು ತೆರವನ್ನಲ್ಲವಲ್ಲ? ಹಾಗಾಗಿ ಸುರುಳಿ + ಕದ = ಸುರುಳಿಗದ.

ಅಂಕೋಲೆಯವ, ಈಗ ಬೆಂಗಳೂರಿನಲ್ಲಿ:

‘ದುರಸ್ತಿ’ ಪಾರಸಿಯ ‘ದುರುಸ್ತ್’. ಕನ್ನಡ ಅಲ್ಲ.

ಶಿರಸಿಯಿಂದ:

ಬಂದು ಶತಮಾನಗಳಾದವು. ಅರಗಿದೆ.

ಅಂಕೋಲೆಯವ:

ರಿಪೇರಿಯೂ ಅರಗಿದೆ. ನಿಮಗೆ ಅಜೀರ್ಣ ಆದರೆ ನಾವೇನು ಮಾಡೋಣ?

ಕುಮಟೆಯಿಂದ:

ನಾನು ಮೂವತ್ತು ವರ್ಷ ಕನ್ನಡ ಕಲಿಸಿದವಳು. ಮಾಸ್ತರೇ, ಸಂಧಿ ಸರಿ, ಪದ ತಪ್ಪು. ‘ಸುರುಳಿಗದ’ ನೋಡಿದ ಮಕ್ಕಳು ಭೀಮನ ಗದೆ ಅಂದುಕೊಳ್ಳುತ್ತವೆ. ಮತ್ತೆ, ಎರಡನೇ ಬಗೆಯ ಬಾಗಿಲು ಸುತ್ತಿಕೊಳ್ಳುವುದಿಲ್ಲ ಅಂತ ಕೇಳಿದವರು ಬರೆದೇ ಇದ್ದಾರೆ. ಓದಿಲ್ವಾ?

ಕದದ ಮಾತಿಗೂ ಬರೋಣ. ‘ಬಾಗಿಲು ಹಾಕು’ ಅನ್ನುತ್ತೇವೆ. ತೆರವನ್ನು ಯಾರಾದರೂ ಹಾಕುತ್ತಾರಾ? ಅರ್ಥ ಯಾವತ್ತೋ ಸರಿದಿದೆ.

ಎರವಲು ಪದ ಕಂಡರೆ ಅಷ್ಟು ಸಿಟ್ಟು ಯಾಕೆ? ನಮ್ಮ ಕರಾವಳಿಯಲ್ಲಿ ಆ ಬಾಗಿಲಿಗೆ ಹಾಕುವುದು ಚಾವಿ. ಅದು ಪೋರ್ಚುಗೀಸ್ ಪದ. ಒಳಗೆ ಬೇಯುವ ಬಟಾಟೆಯೂ ಅದೇ. ನನ್ನ ಅಳತೆಗೋಲು ಇಷ್ಟೇ: ಆ ಪದಕ್ಕೆ ಕನ್ನಡದ ಕ್ರಿಯಾಪದ ಅಂಟಿದೆಯಾ? ‘ಶಟರ್ ಎಳೆದರು’ ಅಂದರೆ ಅಂಗಡಿ ಮುಚ್ಚಿತು ಅಂತ ಮೀನು ಮಾರುವವಳಿಗೂ ಗೊತ್ತು. ಇನ್ನೇನು ಬೇಕು?

ಶಿರಸಿಯಿಂದ:

ಅಕ್ಕೋರೇ, ಹಾಗಾದರೆ ಕನ್ನಡವನ್ನೇ ಬಿಟ್ಟುಬಿಡಿ, ಸುಲಭ. ನಮ್ಮ ಹಿರಿಯರು ತೋಟದ ಬಾಯಿಗೆ ಗಳ ಸರಿಸಿ ಹಾಕುತ್ತಿದ್ದ ‘ದಣಪೆ’ ಇದೆ. ಸರಿಯುವ ತಡೆ ಅಂದರೆ ಅದೇ. ‘ಮೇಲ್ದಣಪೆ’ ಅನ್ನಿ. ಕಾರ್ ಶೆಡ್ಡಿಗೆ ‘ಕೊಟ್ಟಿಗೆ’.

ಅಂಕೋಲೆಯವ:

‘ಕೊಟ್ಟಿಗೆ ದಣಪೆ ದುರಸ್ತಿ.’ ದನ ಹೊಡೆದುಕೊಂಡು ಬರುತ್ತಾರೆ, ಮಾರಾಯ್ರೆ.

ಕಾರವಾರದಿಂದ:

ಎಲ್ಲರಿಗೂ ಉಪಕಾರ. ದಣಪೆ ನನಗೂ ಇಷ್ಟವಾಯಿತು. ಅಜ್ಜನ ಮನೆ ನೆನಪಾಯಿತು. ಆದರೆ ಅದು ಅಡ್ಡ ಸರಿಯುತ್ತದೆ, ಇದು ಮೇಲೇರುತ್ತದೆ. ಈಗಿನ ಹುಡುಗರಿಗೆ ಆ ಪದವೂ ಗೊತ್ತಿಲ್ಲ, ವಸ್ತುವೂ ಗೊತ್ತಿಲ್ಲ.

ಹುಡುಗ ನಿಮ್ಮ ಉತ್ತರಗಳನ್ನೆಲ್ಲ ಓದಿದ. ಎರಡಕ್ಕೂ ಒಂದೇ ಪದ ಬೇಕು ಅಂತ ಯಾರು ಹೇಳಿದ್ದು ಮಾಮ, ಎರಡನ್ನೂ ಬರೆಸಿದರಾಯಿತು ಅಂದ. ನನಗೆ ಹೊಳೆದಿರಲಿಲ್ಲ. ಈಗ ಹೀಗಿದೆ: ‘ಶಟರ್ ಮತ್ತು ಕಾರ್ ಶೆಡ್ ಬಾಗಿಲು: ಕೂರಿಸುತ್ತೇವೆ, ರಿಪೇರಿ ಮಾಡುತ್ತೇವೆ.’ ‘ಅಳವಡಿಕೆ’ ಬಿಟ್ಟೆವು. ಫೋನ್ ಮಾಡುವವರು ಯಾರೂ ಹಾಗೆ ಕೇಳುವುದಿಲ್ಲವಂತೆ, ‘ಬಾಗಿಲು ಕೂರಿಸಿ ಕೊಡ್ತೀರಾ’ ಅಂತಲೇ ಕೇಳುತ್ತಾರಂತೆ.

ಈಗ ಪೇಂಟರ್ ಹೊಸ ತಕರಾರು ತೆಗೆದಿದ್ದಾನೆ. ‘ಶಟರ್’ ಬರೆಯಲೋ ‘ಶಟ್ಟರ್’ ಬರೆಯಲೋ? ಒತ್ತು ಕೊಟ್ಟರೆ ಅಂಗಡಿ ಶೆಟ್ಟರದ್ದು ಅಂದುಕೊಂಡಾರು ಅಂತ ನನ್ನ ಅಂಜಿಕೆ. ಒಂದೇ ಸಾಲಿನಲ್ಲಿ ಉತ್ತರ ಕೊಡಿ. ದಯವಿಟ್ಟು ಸಂಧಿ ಬಿಡಿಸಬೇಡಿ.