ಆಟ್‌ವುಡ್ ಅವರ ‘ಲೇಡಿ ಒರಾಕಲ್’ ಓದಿದವರು ಯಾರಾದರೂ ಇದ್ದೀರಾ? ಈ ಜೋನ್ ಬರೀ ಸುಳ್ಳುಗಾರ್ತಿನಾ?

ಸಾಧನಕೇರಿ ಓದುಗಿ

ಧಾರವಾಡದಲ್ಲಿ ನಾವೊಂದಿಷ್ಟು ಗೆಳತಿಯರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಮಾರ್ಗರೆಟ್ ಆಟ್‌ವುಡ್ ಅವರ ‘ಲೇಡಿ ಒರಾಕಲ್’. 1976ರದು. ನಗು ಬರುತ್ತೆ ಅಂತ ಆಸೆ ತೋರಿಸಿ ಆರಿಸಿದವಳು ನಾನೇ. ಈಗ ಎಲ್ಲರೂ ನನ್ನ ಮೇಲೆ ಹರಿಹಾಯುತ್ತಿದ್ದಾರೆ.

ಓದದವರಿಗೆ ಕಥೆ ಇಷ್ಟು. ಜೋನ್ ಫಾಸ್ಟರ್ ಟೊರಾಂಟೊದವಳು. ಚಿಕ್ಕಂದಿನಲ್ಲಿ ಸಿಕ್ಕಾಪಟ್ಟೆ ದಪ್ಪ. ಆಮೇಲೆ ತೆಳ್ಳಗಾಗಿ ಮದುವೆಯಾಗುತ್ತಾಳೆ, ಆದರೆ ಆ ಹಳೇ ಮೈಯ ಸುದ್ದಿ ಗಂಡನಿಗೆ ಹೇಳುವುದಿಲ್ಲ. ತನ್ನದೇ ಹಳೇ ಫೋಟೊವನ್ನು ಯಾರೋ ಸಂಬಂಧಿಕಳದು ಅಂದುಬಿಡುತ್ತಾಳೆ. ಸೋದರತ್ತೆಯ ಹೆಸರಲ್ಲಿ ಕದ್ದು ಪ್ರೇಮ-ಭಯದ ಅಗ್ಗದ ಕಾದಂಬರಿ ಬರೆಯುತ್ತಾಳೆ. ಸ್ವಂತ ಹೆಸರಲ್ಲಿ ಬಂದ ಕವಿತೆಗಳು ಹೆಸರು ಮಾಡುತ್ತವೆ. ಬೇರೊಬ್ಬನ ಸಂಗ ಬೇರೆ. ಎಲ್ಲ ಗೋಜಲಾದ ಮೇಲೆ ಒಂಟಾರಿಯೊ ಸರೋವರದಲ್ಲಿ ಮುಳುಗಿ ಸತ್ತಂತೆ ನಾಟಕ ಆಡಿ ಇಟಲಿಗೆ ಓಡುತ್ತಾಳೆ (ಇದು ಶುರುವಿನಲ್ಲೇ ಗೊತ್ತಾಗುತ್ತೆ, ಬೈಯಬೇಡಿ).

ಗಂಡನಿಗೆ ಇಷ್ಟು ಸುಳ್ಳು ಹೇಳುವವಳನ್ನು ನೋಡಿ ನಗಬೇಕಾ ಅಂತ ಒಬ್ಬರ ತಕರಾರು. ದಪ್ಪ ಹುಡುಗಿಯನ್ನು ನೋಡಿ ನಗುವ ಕಾಲ ಹೋಯಿತು ಅಂತ ಇನ್ನೊಬ್ಬರು. ನನಗೂ ಆ ಡಾನ್ಸಿನ ಸೀನ್ ಓದುವಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೊಂದು, ನಡುನಡುವೆ ಬರುವ ಅವಳ ಕಾದಂಬರಿಯ ತುಣುಕುಗಳನ್ನು ಹಾರಿಸಿ ಓದಿದರೆ ನಡೆಯುತ್ತಾ?

ಗದಗಿನ ಮಾಸ್ತರ

ಅಕ್ಕೋರೆ, ಆ ಸೀನ್ ಇನ್ನೊಮ್ಮೆ ನಿಧಾನ ಓದಿ. ಏಳು ವರ್ಷದ ಹುಡುಗಿ, ಚಿಟ್ಟೆಯಾಗಿ ಕುಣಿಯಬೇಕು ಅಂತ ಆಸೆಯಿಂದ ಕಾದಿರುತ್ತಾಳೆ. ರೆಕ್ಕೆಯೂ ತಯಾರು. ಆದರೆ ಆ ಡ್ರೆಸ್‌ನಲ್ಲಿ ಇವಳನ್ನು ನೋಡಿದ ತಾಯಿಗೆ ಮುಜುಗರ. ಡಾನ್ಸ್ ಟೀಚರಿನ ಜೊತೆ ಮಾತಾಡಿ ಕೊನೇ ಗಳಿಗೆಯಲ್ಲಿ ಪಾತ್ರ ಬದಲಿಸುತ್ತಾಳೆ. ರೆಕ್ಕೆ ಹೋಗಿ ಬಿಳೀ ಕರಡಿ ವೇಷ ಬರುತ್ತೆ, ಕೊರಳಿಗೆ ‘ಡಾಂಬರು ಗುಳಿಗೆ’ ಅಂತ ಒಂದು ಬೋರ್ಡು. ಚಿಟ್ಟೆಗಳ ನಡುವೆ ಡಾಂಬರು ಗುಳಿಗೆ! ಇದು ನಿನಗಂತಲೇ ಇಟ್ಟ ವಿಶೇಷ ಪಾತ್ರ ಅಂತ ಪುಸಲಾಯಿಸುವುದು ಬೇರೆ.

ನಮ್ಮ ಕಡೆ ಶಾಲೆ ಗ್ಯಾದರಿಂಗ್ ನೋಡಿದವರಿಗೆ ಇದು ಹೊಸದಲ್ಲ. ದಪ್ಪ ಹುಡುಗ ಇದ್ದರೆ ಕುಂಭಕರ್ಣನ ಪಾತ್ರ ಅವನಿಗೇ, ಕೇಳುವುದೇ ಇಲ್ಲ. ನಾನೂ ಹಂಚಿದ್ದೇನೆ. ಹಂಚುವಾಗ ‘ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ’ ಅನ್ನುವ ಮಾತೂ ಜೊತೆಗೇ ಇರುತ್ತೆ, ಅಲ್ವಾ? ಲೇಖಕಿ ನಗುತ್ತಿರುವುದು ದೊಡ್ಡವರ ಈ ನಯವಂತಿಕೆ ನೋಡಿ. ಹುಡುಗಿ ಸಿಟ್ಟಿನಿಂದ ಸ್ಟೇಜಿನ ತುಂಬ ದಬದಬ ಕುಣಿಯುತ್ತಾಳೆ. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ಹೊಡೆಯುತ್ತಾರೆ. ತನಗೆ ಬೇಡದ ವೇಷಕ್ಕೇ ಚಪ್ಪಾಳೆ ಬೀಳುತ್ತೆ ಅಂತ ಅವಳಿಗೆ ಗೊತ್ತಾಗುವುದು ಅಲ್ಲಿ. ಮುಂದೆ ಗಂಡನೆದುರು ಆಡುವ ಆಟವೆಲ್ಲ ಅಲ್ಲಿಂದಲೇ ಶುರು.

ವಿದ್ಯಾನಗರ, ಹುಬ್ಬಳ್ಳಿ

ಬೇರೆ ಹೆಸರಲ್ಲಿ ಬರೆಯುವುದು ನಮಗೇನು ಹೊಸದಾ? ನಿಮ್ಮ ಸಾಧನಕೇರಿಯಲ್ಲೇ ಬೇಂದ್ರೆಯವರು ಅಂಬಿಕಾತನಯದತ್ತ ಆಗಿದ್ದರು. ತ್ರಿವೇಣಿ ಅಂದರೆ ಅನಸೂಯಾ ಶಂಕರ್. ನಿರಂಜನ ಅಂದರೆ ಕುಳಕುಂದ ಶಿವರಾಯ, ಅವರ ಹೆಂಡತಿ ಅನುಪಮಾ ಅಂದರೆ ವೆಂಕಟಲಕ್ಷ್ಮಿ. ಯಾರೂ ಇವರನ್ನು ಸುಳ್ಳುಗಾರರು ಅನ್ನಲಿಲ್ಲ, ಯಾಕೆಂದರೆ ಮನೆಯವರಿಂದ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಜೋನ್ ಮುಚ್ಚಿಡುವುದು ಹೆಸರನ್ನಲ್ಲ, ತನಗೆ ಅಂಥ ಕಥೆ ಇಷ್ಟ ಅನ್ನುವುದನ್ನು. ಗಂಡ ಆರ್ಥರ್‌ಗೆ ಮೂರು ಹೊತ್ತೂ ರಾಜಕೀಯ, ಚಳವಳಿ. ಅವನೆದುರು ಅದನ್ನು ಹೇಳಿಕೊಂಡರೆ ಅವಳ ಮರ್ಯಾದೆ ಉಳಿಯುತ್ತಾ?

ನಮ್ಮ ಅತ್ತೆಯೊಬ್ಬರು ಲೈಬ್ರರಿಯಿಂದ ತಂದ ಕಾದಂಬರಿಗೆ ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ, ಮೇಲೆ ‘ವಿಷ್ಣು ಸಹಸ್ರನಾಮ’ ಅಂತ ದುಂಡಗೆ ಬರೆದಿಡುತ್ತಿದ್ದರು. ಮಾವ ಪಾಪ, ಎಷ್ಟು ಭಕ್ತಿ ಅಂದುಕೊಂಡಿದ್ದರು.

ಇನ್ನೊಂದು ಮಜಾ ನೋಡಿ. ಜೋನ್‌ಗೆ ಲಂಡನ್ನಿನಲ್ಲಿ ಹೀಗೆ ಕಾದಂಬರಿ ಬರೆಯುವ ದಾರಿ ತೋರಿಸಿದವನು ಒಬ್ಬ ಪೋಲಿಷ್ ಕೌಂಟ್, ಅಂದರೆ ದೊಡ್ಡ ಮನೆತನದ ಬಿರುದಿದ್ದವನು. ಅವನು ನರ್ಸುಗಳ ಪ್ರೇಮಕಥೆ ಬರೆಯುತ್ತಿದ್ದದ್ದು ಮೇವಿಸ್ ಕ್ವಿಲ್ಪ್ ಅನ್ನುವ ಹೆಂಗಸಿನ ಹೆಸರಲ್ಲಿ!

ಹಾವೇರಿ ಏಲಕ್ಕಿ

ಎಲ್ಲರೂ ಹೊಗಳುತ್ತಿದ್ದೀರಿ, ನನಗೆ ಮಧ್ಯದಲ್ಲಿ ಸಾಕುಸಾಕಾಯಿತು. ಸತ್ತ ಪ್ರಾಣಿಗಳನ್ನು ಹೆಪ್ಪುಗಟ್ಟಿಸಿ ಪ್ರದರ್ಶನಕ್ಕಿಡುವ ಆ ಕಲಾವಿದ ಪ್ರಿಯಕರ, ಆಮೇಲೆ ಬ್ಲಾಕ್‌ಮೇಲ್ ಮಾಡುವವನು, ಸ್ವಲ್ಪ ಜಾಸ್ತಿಯೇ ಆಯಿತು. ಸುಮ್ನೆ ಎಳೆದಿದ್ದಾರೆ.

ತಾಯಿಯ ಭಾಗ ಮಾತ್ರ ಬಿಡಬೇಡಿ. ವರ್ಷಗಟ್ಟಲೆ ಮಗಳು ತೆಳ್ಳಗಾಗಲಿ ಅಂತ ಜೀವ ತಿಂದ ತಾಯಿ, ಮಗಳು ನಿಜಕ್ಕೂ ಇಳಿಯತೊಡಗಿದಾಗ ಕೇಕು ಗೀಕು ಮಾಡಿ ಕಣ್ಣಿಗೆ ಬೀಳುವಂತೆ ಇಡುತ್ತಾಳೆ. ನಮ್ಮ ಮನೆಯಲ್ಲೂ ಇದೇ. ಹಬ್ಬಕ್ಕೆ ಹೋದರೆ ‘ಏಟು ದಪ್ಪಾಗೀಯವಾ’, ಮುಂದಿನ ಹಬ್ಬಕ್ಕೆ ‘ಏಟು ಸೊರಗೀದಿ, ಇನ್ನೊಂದು ಹೋಳಿಗಿ ತಿನ್ನು’. ಪ್ರೀತಿಯ ಸೋದರತ್ತೆ ಕೂಡ ಕಡಿಮೆಯಿಲ್ಲ. 2000 ಡಾಲರ್ ಬರೆದಿಟ್ಟು ಸಾಯುತ್ತಾಳೆ, ಆದರೆ 100 ಪೌಂಡು, ಅಂದರೆ ಸುಮಾರು 45 ಕಿಲೊ ಇಳಿಸಿದರೆ ಮಾತ್ರ ಆ ದುಡ್ಡು. ಇಷ್ಟಪಟ್ಟವರೂ ತೂಕದ ಲೆಕ್ಕ ಬಿಡಲಿಲ್ಲ!

ಜೋನ್ ಬರೆಯುವ ಕಾದಂಬರಿಯ ಆ ತುಣುಕುಗಳನ್ನು ದಯವಿಟ್ಟು ಹಾರಿಸಬೇಡಿ. ಶುರುವಿನಲ್ಲಿ ಶಾರ್ಲೆಟ್ ಪಾಪದ ಹುಡುಗಿ, ಫೆಲಿಷಿಯಾ ಕೆಟ್ಟ ಹೆಂಡತಿ. ಈ ಥರದ ಕಥೆಯಲ್ಲಿ ಕೆಟ್ಟ ಹೆಂಡತಿ ಸಾಯಲೇಬೇಕು. ಆದರೆ ಬರೆಯುತ್ತ ಬರೆಯುತ್ತ ಜೋನ್‌ಗೆ ಫೆಲಿಷಿಯಾ ಮೇಲೆ ಕನಿಕರ ಹುಟ್ಟುತ್ತೆ, ಕೈ ಬರುವುದಿಲ್ಲ. ಫೆಲಿಷಿಯಾ ಯಾರ ಹಾಗೆ ಕಾಣತೊಡಗುತ್ತಾಳೆ ಅಂತ ಗಮನಿಸಿ. ಇದಕ್ಕಿಂತ ಹೆಚ್ಚು ಹೇಳಲ್ಲ.

ಸಾಧನಕೇರಿ ಓದುಗಿ

ಥ್ಯಾಂಕ್ಸ್ ರೀ ಎಲ್ಲರಿಗೂ. ನಾನು ಅರ್ಧ ತುಣುಕು ಹಾರಿಸಿಯೇ ಬಿಟ್ಟಿದ್ದೆ, ಹಿಂದೆ ಹೋಗಿ ಓದುತ್ತೇನೆ. ಆರ್ಥರ್ ಬಗ್ಗೆ ಒಂದು ಕೇಳ್ತೀನಿ. ಇಷ್ಟು ವರ್ಷ ಜೊತೆಗಿದ್ದವನಿಗೆ ಒಂದು ಅನುಮಾನವೂ ಬರಲಿಲ್ಲವಾ?

ವಿದ್ಯಾನಗರ, ಹುಬ್ಬಳ್ಳಿ

ಅವನಿಗೆ ಬೇಕಾಗಿದ್ದ ಹೆಂಡತಿ ಎದುರಿಗೇ ಇದ್ದಳಲ್ಲ, ಯಾಕೆ ಅನುಮಾನ ಬರುತ್ತೆ? ಅಡುಗೆಯ ಭಾಗ ನೋಡಿ. ಅವಳಿಗೆ ಅಡುಗೆ ಬರಲ್ಲ, ಮಾಡಿದ್ದೆಲ್ಲ ಕೆಡುತ್ತೆ. ಕೆಟ್ಟಾಗ ಆರ್ಥರ್‌ಗೆ ಒಳಗೊಳಗೇ ಖುಷಿ ಅಂತ ಅವಳಿಗೆ ಗೊತ್ತಾಗುತ್ತೆ. ಆಮೇಲೆ ಅದೂ ಅವನಿಗಾಗಿ ಆಡುವ ಒಂದು ಆಟವಾಗುತ್ತೆ. ಅಷ್ಟು ಹೊತ್ತಿಗೆ ಆಚೆ ಅವಳ ಕಾದಂಬರಿಗಳು ಅಚ್ಚಾಗಿ ದುಡ್ಡು ತರುತ್ತಿರುತ್ತವೆ. ನಾನಂತೂ ಅಲ್ಲಿ ಜೋರಾಗಿ ನಕ್ಕೆ.