ಗೊರವನ ಕೊಕ್ಕೋ, ಗೊರವದ ಕೊಕ್ಕೋ?

"ಇಳಿತದ ಹೊತ್ತಿಗೆ ಗೊರವನ ಕೊಕ್ಕು ಬುಡದವರೆಗೂ ಕೆಸರಿನೊಳಕ್ಕೆ ಇಳಿದಿತ್ತು" ಎಂದು ಗೊರವ ಎಂಬ ನೀರುಹಕ್ಕಿಯ ಬಗ್ಗೆ ನಾನು ಬರೆದಿದ್ದ ವಾಕ್ಯವೊಂದು ಅಚ್ಚಿಗೆ ಹೋಗುವ ಮೊದಲು "ಗೊರವದ ಕೊಕ್ಕು" ಎಂದು ತಿದ್ದುಪಡಿಯಾಗಿ ನನ್ನ ಕೈಗೆ ಮರಳಿ ಬಂದಿದೆ. ತಿದ್ದಿದವರು ಅಂಚಿನಲ್ಲಿ ಕೊಟ್ಟಿರುವ ಕಾರಣ ಚಿಕ್ಕದು: ಹಕ್ಕಿ ನಪುಂಸಕಲಿಂಗವಾದ್ದರಿಂದ ಷಷ್ಠಿಯಲ್ಲಿ ‘ದ’ಕಾರಾಗಮವೇ ಆಗಬೇಕು, ‘ರಾಮನ’ ಎಂಬಲ್ಲಿ ಬರುವ ‘ನ’ಕಾರ ಇಲ್ಲಿ ಸಲ್ಲದು. ಶಾಲೆಯ ವ್ಯಾಕರಣದ ಮಟ್ಟಿಗೆ ಅವರ ಮಾತಿನಲ್ಲಿ ತಪ್ಪು ಹುಡುಕಲಾಗದು. ಆದರೆ ‘ಗೊರವದ’ ಎಂಬ ರೂಪವನ್ನು ಎಷ್ಟು ಸಲ ಬಾಯಲ್ಲಿ ಆಡಿಕೊಂಡರೂ ಅದು ನನಗೆ ಒಗ್ಗುತ್ತಿಲ್ಲ. ಏಕೆ ಒಗ್ಗುತ್ತಿಲ್ಲ ಎಂದು ಯೋಚಿಸುತ್ತಾ ಹೋದಾಗ ಆ ಪದದ ಅರ್ಥದ ಬಗೆಗೂ ಕೆಲವು ಸಂಗತಿಗಳು ಎದುರಾದವು. ಅವನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ಮೊದಲು ಆ ವಾಕ್ಯ ಹುಟ್ಟಿದ ಜಾಗವನ್ನು ಹೇಳಬೇಕು. ಭರತ ಹುಣ್ಣಿಮೆಯ ಮರುದಿನ ತುಮಕೂರಿನಿಂದ ನಾವು ಐದು ಮಂದಿ ಹಕ್ಕಿ ನೋಡಲೆಂದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋಗಿದ್ದೆವು. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ) ಸೇರಿದ ಈ ಅಳಿವೆಯಲ್ಲಿ, ನದಿ ಕಡಲನ್ನು ಕೂಡುವ ಮುನ್ನ, ಐಗಳ ಕೂರ್ವೆ, ಮಾಸೂರು ಕೂರ್ವೆ ಮುಂತಾದ ನಡುಗಡ್ಡೆಗಳಿವೆ. (ನಮ್ಮ ಕಡೆ ಕೆರೆಯ ನಡುವಿನ ದಿಬ್ಬಕ್ಕೆ ‘ನಡುಗಡ್ಡೆ’ ಎಂದಷ್ಟೇ ಹೇಳಿ ಮುಗಿಸುತ್ತೇವೆ, ‘ಕೂರ್ವೆ’ ಎಂಬುದು ಹಳೆಯ ‘ಕುರುವ’ದ ನೆಂಟನೆಂದು ಹೊಳೆದಾಗ ನನಗೆ ಹಕ್ಕಿ ಕಂಡಷ್ಟೇ ಸಂತೋಷವಾಯಿತು.) ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚಾದ್ದರಿಂದ, ಬೆಳಗಿನ ಇಳಿತದಲ್ಲಿ ಕೂರ್ವೆಯ ಸುತ್ತ ಕೆಸರು ಬಯಲು ಬಹು ದೂರದವರೆಗೆ ತೆರೆದುಕೊಂಡಿತ್ತು. ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಒಂದು ಕಡೆ ಬಾಗಿ ನಿಂತಿದ್ದರೆ, ಅವರಿಂದ ಇನ್ನೂರು ಹೆಜ್ಜೆ ಆಚೆಗೆ ಹಿನ್ನೀರ ಗೊರವಗಳು ಹಾಗೆಯೇ ಬಾಗಿ ನಿಂತಿದ್ದವು.

ಪಂಚಾಂಗದ ವಸಂತಕ್ಕೆ ಇನ್ನೂ ತಿಂಗಳು ಮೀರಿ ಬಾಕಿಯಿತ್ತು. ಹಕ್ಕಿಗಳ ಮೈಯಲ್ಲಿ ಮಾತ್ರ ಅದರ ಗುರುತು ಆಗಲೇ ಕಾಣಿಸತೊಡಗಿತ್ತು. ಚಳಿಗಾಲವೆಲ್ಲ ಬೂದುಬಣ್ಣದಲ್ಲಿರುವ ಹಿನ್ನೀರ ಗೊರವಗಳಲ್ಲಿ ಒಂದೆರಡರ ಕುತ್ತಿಗೆಗೆ ಇಟ್ಟಿಗೆಗೆಂಪು ಏರುತ್ತಿತ್ತು. ಕಂದುತಲೆಯ ಕಡಲಕ್ಕಿಗಳಲ್ಲಿ ಕೆಲವಕ್ಕೆ, ವರ್ಷದ ಬಹುಪಾಲು ಹೊಂದದ ಆ ಹೆಸರು ಹೊಂದುವಷ್ಟು, ತಲೆ ಕಂದಾಗಿತ್ತು. ದೂರದರ್ಶಕದಲ್ಲಿ ಒಂದು ಗೊರವವನ್ನೇ ಹಿಡಿದು ಹತ್ತು ನಿಮಿಷ ನೋಡಿದೆ. ಅದು ನೆಟ್ಟನೆಯ ಉದ್ದ ಕೊಕ್ಕನ್ನು ಕೆಸರಿಗೆ ಊರಿ, ಹೊಲಿಗೆಯ ಸೂಜಿಯಂತೆ ಮೇಲೆ ಕೆಳಗೆ ಆಡಿಸಿ, ಆಮೇಲೆ ಕಣ್ಣಿನ ಹತ್ತಿರದವರೆಗೂ ಮುಖವನ್ನು ಒಳಗಿಟ್ಟು, ಕ್ಷಣಕಾಲ ಅಲುಗಾಡದೆ ನಿಲ್ಲುತ್ತಿತ್ತು. ಆ ಕೊಕ್ಕಿನ ತುದಿ ಮಾತ್ರ ಕೆಸರಿನ ಒಳಗೇ ತೆರೆದುಕೊಳ್ಳಬಲ್ಲದು. ಹುಳುವನ್ನು ಅದು ಕಣ್ಣಿನಿಂದ ಕಾಣುವುದಿಲ್ಲ, ಮುಟ್ಟಿ ತಿಳಿಯುತ್ತದೆ. ನನ್ನ ವಾಕ್ಯ ಬಂದದ್ದು ಇಲ್ಲಿಂದ.

ಈಗ ತಿದ್ದುಪಡಿಯ ವಿಷಯ. ಮೇಲೆ ನಾನೇ "ಒಂದು ಗೊರವವನ್ನೇ" ಎಂದೂ "ಅದು" ಎಂದೂ ಬರೆದಿದ್ದೇನೆ. "ಗೊರವ ಹಾರಿದ" ಎಂದು ಬರೆಯುವ ಉದ್ದೇಶ ನನಗೂ ಇಲ್ಲ. ಆದರೆ ಕನ್ನಡದಲ್ಲಿ ಕ್ರಿಯಾಪದ ನಪುಂಸಕವಾಗಿರುವಾಗ ಷಷ್ಠಿ ಮಾತ್ರ ‘ನ’ಕಾರವನ್ನು ಹಿಡಿದುಕೊಂಡಿರುವುದು ಹೊಸತೇನೂ ಅಲ್ಲ. "ಗೀಜಗ ಗೂಡು ಕಟ್ಟಿತು" ಎನ್ನುತ್ತೇವೆ, "ಗೀಜಗನ ಗೂಡು" ಎನ್ನುತ್ತೇವೆ. ‘ಗೀಜಗದ ಗೂಡು’ ಎಂದವರನ್ನು ನಾನು ಕೇಳಿಲ್ಲ. "ಕೋಣ ಬಂತು" ಎಂದವರೇ "ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ" ಎನ್ನುತ್ತಾರೆ. ಮಂಗ ಮರ ಹತ್ತುತ್ತದೆ, ಮಾಣಿಕ್ಯ ಸಿಗುವುದು ಮಂಗನ ಕೈಗೆ, ಹೆಂಡ ಕುಡಿಸುವುದು ಮಂಗನಿಗೆ. ಹಕ್ಕಿಗಳಲ್ಲಿ ಮರಕುಟಿಗನ ಕೊಕ್ಕು, ಸಿಂಪಿಗನ ಗೂಡು, ಮಡಿವಾಳನ ಸಿಳ್ಳು ಎಲ್ಲವೂ ಹೀಗೆಯೇ. ಬಹುವಚನಕ್ಕೆ ಬಂದರೆ ಮತ್ತೆ ಕೋಣಗಳು, ಮಂಗಗಳು, ಗೀಜಗಗಳು. ಯಾರೂ ‘ಕೋಣರು’ ಎನ್ನುವುದಿಲ್ಲ (ಬೈಯುವಾಗ ಬೇರೆ).

ಹಾಗೆಂದು ಅಕಾರಾಂತವಾದ ಪ್ರಾಣಿಹೆಸರುಗಳೆಲ್ಲ ಈ ಸಾಲಿಗೆ ಸೇರುವುದಿಲ್ಲ. ಹಂಸದ ನಡಿಗೆ, ಸಿಂಹದ ಮರಿ, ಬಕದ ಕೊಕ್ಕು, ಟಿಟ್ಟಿಭದ ಕೂಗು. ಈ ನಾಲ್ಕೂ ಸಂಸ್ಕೃತದಿಂದ ಬಂದವು. ಗರುಡವೂ ಸಂಸ್ಕೃತದ್ದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ವಿಷ್ಣುವಿನ ವಾಹನವೆಂಬ ವ್ಯಕ್ತಿತ್ವವೊಂದು ಇರುವುದರಿಂದ "ಗರುಡನ ರೆಕ್ಕೆ" ಉಳಿದುಕೊಂಡಿದೆ. ನನಗೆ ತೋರುವ ಮಟ್ಟಿಗೆ, ಕನ್ನಡದ ಕಿವಿ ಯಾವ ಹೆಸರಿನ ಹಿಂದೆ ಒಬ್ಬ ಆಳನ್ನು, ಒಬ್ಬ ಕಸುಬುದಾರನನ್ನು, ಒಬ್ಬ ದೇವರನ್ನು ಕಾಣುತ್ತದೆಯೋ ಅಲ್ಲಿ ‘ನ’ಕಾರವನ್ನು ಬಿಟ್ಟುಕೊಡುವುದಿಲ್ಲ. ಎಲೆ ಹೊಲಿಯುವ ಹಕ್ಕಿ ಸಿಂಪಿಗ, ಮರ ಕುಟ್ಟುವುದು ಮರಕುಟಿಗ. ಗೊರವನೂ ಇವರ ಪೈಕಿಯೇ ಎಂಬುದು ನನ್ನ ವಾದ. ಹೀಗಾಗಿ ಪ್ರಶ್ನೆ ವ್ಯಾಕರಣದಿಂದ ಅರ್ಥಕ್ಕೆ ತಿರುಗುತ್ತದೆ.

ಗೊರವನೆಂದರೆ ಮೈಲಾರಲಿಂಗನ ಒಕ್ಕಲು. ಹಳಗನ್ನಡದ ಶಾಸನಗಳಲ್ಲಿ ‘ಗೊರವರ್’ ಎಂದರೆ ಶೈವ ಯತಿಗಳು, ದೇವಸ್ಥಾನಗಳನ್ನು ನಡೆಸುತ್ತಿದ್ದ ಗುರುಗಳು. ಇಂದು ನಮ್ಮ ಕಣ್ಣಿಗೆ ಬೀಳುವ ಗೊರವಯ್ಯ ಕರಿಯ ಕಂಬಳಿ ಹೊದ್ದು, ಕರಡಿಕೂದಲಿನ ಟೋಪಿ ಇಟ್ಟು, ಡಮರುಗ ನುಡಿಸುತ್ತಾ ಬರುವವನು. ಶಿರಾ ಕಡೆಯಲ್ಲಿರುವ ನನ್ನ ಸೋದರತ್ತೆಯ ಮನೆದೇವರು ಮೈಲಾರಲಿಂಗ. ನನ್ನ ಕರಡನ್ನು ಆಕೆಗೆ ಓದಿ ಹೇಳಿದಾಗ ‘ಗೊರವಗಳು’ ಎಂಬ ಮಾತು ಬಂದ ಕೂಡಲೇ ತಡೆದು, "ಏನಪ್ಪಾ, ಗೊರವಯ್ಯನ್ನ ಹಕ್ಕಿ ಮಾಡಿ ಕೆಸರಿಗೆ ಇಳಿಸಿಬಿಟ್ಟೆಯಲ್ಲ, ಅವನೇನು ಹುಳ ತಿಂತಾನಾ?" ಎಂದು ಗದರಿದಳು. ಪುಸ್ತಕಗಳಲ್ಲಿ ಹಕ್ಕಿಗೆ ಈ ಹೆಸರೇ ಇದೆಯೆಂದು ನಾನು ಹೇಳಿದ್ದನ್ನು ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತು ಬೆಳೆಸುವ ಬದಲು ಮೊಬೈಲಿನಲ್ಲಿದ್ದ ವಿಡಿಯೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಮೂತಿಯನ್ನು ಕೆಸರಿನಲ್ಲಿಟ್ಟು ನಿಂತ ಹಕ್ಕಿಯನ್ನು ಎರಡು ಸಲ ನೋಡಿದಳು. "ಇದು ದೋಣಿಗೆ ಬಾಯಿ ಹಾಕ್ದಂಗೇ ಐತೆ ಬಿಡು" ಎಂದಳು.

ಆ ಮಾತನ್ನು ಬಿಡಿಸಿ ಹೇಳಬೇಕು. ಗೊರವರ ಕೈಯಲ್ಲಿರುವ ಭಿಕ್ಷೆಯ ಮರದ ಬಟ್ಟಲಿಗೆ ‘ದೋಣಿ’ ಎಂದು ಹೆಸರು. ದೋಣಿಸೇವೆಯ ಹೊತ್ತಿಗೆ ಅದರಲ್ಲಿ ಹಾಲು, ಬಾಳೆಹಣ್ಣು ಮುಂತಾದವನ್ನು ಹಾಕಿಟ್ಟರೆ, ಗೊರವರು ತಾವು ಮೈಲಾರನ ನಾಯಿಗಳೆಂಬ ಭಾವದಿಂದ ನಾಲ್ಕು ಕಾಲಿನಲ್ಲಿ ಬಂದು, ಗುರುಗುಟ್ಟುತ್ತಾ, ಕೈ ಮುಟ್ಟಿಸದೆ, ಬಾಯನ್ನೇ ಅದರೊಳಕ್ಕೆ ಇಟ್ಟು ತಿನ್ನುತ್ತಾರೆ. (ನಾವು ಕೂರ್ವೆಯನ್ನು ಮುಟ್ಟಿದ್ದು ಬೇರೆ ದೋಣಿಯಲ್ಲಿ, ಎರಡು ದೋಣಿಗಳೂ ಮರ ಕೊರೆದು ಮಾಡಿದವೆಂಬ ಹೋಲಿಕೆ ಸಾಕು.) ಹಕ್ಕಿಗೆ ಈ ಹೆಸರು ದೋಣಿಸೇವೆಯಿಂದಲೇ ಬಂತೆಂದು ನಾನು ಸಾಧಿಸಲು ಹೊರಟಿಲ್ಲ. ಅಮಾನಿಕೆರೆಯ ಏರಿಯ ಕೆಳಗಿನ ಕಲ್ಲುಗಳ ಮೇಲೆ, ನಿಂತರೂ ನಡೆದರೂ ಹಿಂಭಾಗವನ್ನು ಒಂದೇ ಸಮನೆ ಕುಣಿಸುವ ಗದ್ದೆಗೊರವವನ್ನು ನೋಡಿದವರು ಗೊರವರ ಕುಣಿತವನ್ನೇ ಹೋಲಿಕೆಗೆ ತರಬಹುದು. ದೋಣಿಯೋ ಕುಣಿತವೋ ಏನೇ ಇರಲಿ, ಗೊರವಯ್ಯನನ್ನು ಬಲ್ಲ ಹಳ್ಳಿಯ ಹೆಂಗಸೊಬ್ಬಳು ಹಕ್ಕಿಯನ್ನು ಕಂಡ ಅರ್ಧ ನಿಮಿಷದಲ್ಲಿ ಇಬ್ಬರನ್ನೂ ಕೂಡಿಸಿದಳೆಂಬುದು ನನ್ನ ಪಾಲಿಗೆ ದೊಡ್ಡ ಸಾಕ್ಷಿ.

ಇದಕ್ಕೆ ಗೊರವಂಕವನ್ನೂ ಸಾಕ್ಷಿಗೆ ಎಳೆದು ತರುವವರಿದ್ದಾರೆ. ಗೊರವಂಕವೆಂದರೆ ಮೈನಾ, ಅದರಲ್ಲಿ ‘ಗೊರವ’ ಇದೆ, ಹಾಗಾಗಿ ಅದೂ ಸನ್ಯಾಸಿಯ ಹೆಸರೇ ಎಂಬುದು ಅವರ ತರ್ಕ. ಇದನ್ನು ನಾನು ಒಪ್ಪಲಾರೆ. ನನ್ನ ತಾಯಿಯ ತವರು ಪಾವಗಡ. ಅಲ್ಲಿ ತೆಲುಗು ಮನೆಗಳಲ್ಲಿ ಇದೇ ಹಕ್ಕಿ ‘ಗೋರಿಂಕ’. ತೆಲುಗಿನ ಬರಹದಲ್ಲಿ ‘ಗೋರುವಂಕ’ ಎಂದೂ ಇದೆ. ಎರಡು ಭಾಷೆಗಳ ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ‘ಗೊರವ + ಅಂಕ’ ಎಂದು ಕತ್ತರಿಸುವುದು ಕನ್ನಡದ ರೂಪವೊಂದನ್ನೇ ನೋಡಿ ಮಾಡಿದ ಆತುರದ ಕೆಲಸವೆಂದು ತಿಳಿಯುತ್ತದೆ. ಬಳಕೆಯೂ ಬೇರೆ: "ಗೊರವಂಕದ ಮರಿ" ಎಂಬಲ್ಲಿ ‘ದ’ಕಾರ ನನ್ನ ಕಿವಿಗೆ ಸ್ವಲ್ಪವೂ ಕಟುವಾಗುವುದಿಲ್ಲ.

ಇನ್ನೊಂದು ತೊಡಕು ಬಹುವಚನದ್ದು. ‘ಗದ್ದೆಗೊರವಗಳು’, ‘ಹಿನ್ನೀರ ಗೊರವಗಳು’ ಎಂದಾಗ ಮೊದಲಿಗೆ ಬರುವ ಪದ ಹಕ್ಕಿಯನ್ನು ತೋರಿಸಿಕೊಡುವುದರಿಂದ ಮನುಷ್ಯನ ನೆನಪು ಅಡ್ಡ ಬರುವುದಿಲ್ಲ. ಬರಿಯ ‘ಗೊರವಗಳು’ ಎಂದರೆ ಅತ್ತೆಯಂಥವರಿಗೆ ನೋವಾಗುತ್ತದೆ, ‘ಗೊರವರು’ ಎಂದು ಬರೆದರೆ ಹಕ್ಕಿ ಹಾರಿಹೋಗುತ್ತದೆ. ಆದ್ದರಿಂದ ಬಹುವಚನದಲ್ಲಿ ಎಲ್ಲಿಯೂ ವಿಶೇಷಣವಿಲ್ಲದೆ ಬರೆಯಬಾರದೆಂದು ನನ್ನ ಕರಡಿನಲ್ಲಿ ಕಟ್ಟು ಹಾಕಿಕೊಂಡಿದ್ದೇನೆ. ದ್ವಿತೀಯೆಯಲ್ಲಿ ‘ಗೊರವವನ್ನು’ ಎಂಬುದು ನನಗೆ ಸರಿಯೆನಿಸಿ ಷಷ್ಠಿಯಲ್ಲಿ ಮಾತ್ರ ‘ಗೊರವನ’ ಸರಿಯೆನಿಸುವುದರಲ್ಲಿ ಸ್ವಲ್ಪ ಎಡವಟ್ಟಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. "ಕೋಣವನ್ನು ಹಿಡಿ", "ಕೋಣನ ಕೊಂಬು" ಎಂಬ ಜೋಡಿ ನಮ್ಮ ಊರಿನ ಮಾತಿನಲ್ಲಿ ಇರುವುದೊಂದೇ ನನಗೆ ಆಸರೆ.

ಕೆರೆ, ಗದ್ದೆಗಳ ಬದಿಯಲ್ಲಿ ಬೆಳೆದವರು, ಮುಖ್ಯವಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು, ಮನೆಮಾತಿನಲ್ಲಿ ಈ ಹಕ್ಕಿಗೆ ‘ಗೊರವ’ ಎಂಬ ಹೆಸರನ್ನು ಕೇಳಿದ್ದರೆ, ಅದರ ಕಾಲನ್ನೋ ಕೂಗನ್ನೋ ಹೇಳುವಾಗ ‘ನ’ ಬರುತ್ತಿತ್ತೋ ‘ದ’ ಬರುತ್ತಿತ್ತೋ ನೆನಪಿಸಿಕೊಂಡು ತಿಳಿಸಬೇಕೆಂದು ಕೋರುತ್ತೇನೆ. ಪುಸ್ತಕದಲ್ಲಿ ಓದಿದ್ದನ್ನು ಬೇರೆಯಾಗಿ ಹೇಳಿದರೆ ಇನ್ನೂ ಉಪಕಾರ. ನನ್ನ ವಾಕ್ಯವನ್ನು ‘ಗೊರವನ’ ಎಂದೇ ಮರಳಿ ತಿದ್ದಿ, ಅಂಚಿನಲ್ಲಿ "ಗೀಜಗನ ಗೂಡು ನೋಡಿ" ಎಂದು ಬರೆದು ಕಳುಹಿಸಿದ್ದೇನೆ. ಕೊನೆಯ ಕರಡು ಬರಲು ಇನ್ನು ಹತ್ತು ದಿನವಿದೆ.